ಪಾಶಾಗಳ ಪಟ್ಟಿ, ನಮ್ಮ ನವೆಂಬರಿನ ಪಟ್ಟಿ

ಕಳೆದ ನವೆಂಬರಿನಲ್ಲಿ ಇಸ್ತಾಂಬುಲ್ ನಗರದ ಉಸ್ಕುದಾರ್ ಬದಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಹತ್ತು-ಹನ್ನೆರಡು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಆಚರಿಸಿದೆವು. ಊರಿಂದ ಯಾರದೋ ಬ್ಯಾಗಿನಲ್ಲಿ ಮಡಚಿಕೊಂಡು ಬಂದ ಧ್ವಜ, ಇಲ್ಲಿನ ಗೋದಿಹಿಟ್ಟಿನಲ್ಲಿ ಹೇಗೋ ಲಟ್ಟಿಸಿದ ಹೋಳಿಗೆ, ಮೊಬೈಲಿನಲ್ಲಿ ಹಚ್ಚಿದ ನಾಡಗೀತೆ, ಇವೆಲ್ಲ ಮುಗಿದ ಮೇಲೆ ನಾನು ವಾರವಿಡೀ ಕುಳಿತು ತಯಾರಿಸಿದ್ದ ‘ಹೊರನಾಡಿನಲ್ಲಿ ಹೆಸರು ಮಾಡಿದ ಕನ್ನಡಿಗರು’ ಎಂಬ ಚಿತ್ರಮಾಲೆಯನ್ನು ಗೋಡೆಯ ಮೇಲೆ ತೋರಿಸಿದೆ. ಸಂಗೀತಗಾರರು, ವಿಜ್ಞಾನಿಗಳು, ಸಿನಿಮಾದವರು, ಕಂಪನಿ ಕಟ್ಟಿದವರು, ಕೊನೆಗೆ ಅಜ್ಜಿಯೊಬ್ಬಳು ಮಂಗಳೂರಿನವಳು ಎಂಬ ಒಂದೇ ಎಳೆಯನ್ನು ಹಿಡಿದು ನಾವು ನಮ್ಮವರನ್ನಾಗಿ ಮಾಡಿಕೊಂಡವರು, ಹೀಗೆ ನಲವತ್ತು ಮುಖಗಳು ಬಂದು ಹೋದವು. ಪ್ರತಿ ಮುಖಕ್ಕೂ ಚಪ್ಪಾಳೆ ಬಿತ್ತು.

ಮೇಲಿನ ಮಹಡಿಯ ಅಮ್ಜಾ ಅವರನ್ನೂ ಕರೆದಿದ್ದೆವು. ಅಮ್ಜಾ ಎಂದರೆ ನಮ್ಮ ಧಾರವಾಡದ ಕಡೆಯ ಕಾಕಾ. ಎಂಬತ್ತು ದಾಟಿದ, ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಈ ಹಿರಿಯರು ಕಾರ್ಯಕ್ರಮ ಮುಗಿಯುವತನಕ ಕುರ್ಚಿಗೆ ಬೆನ್ನು ಆನಿಸದೆ ಕುಳಿತು, ಎಲ್ಲ ಮುಖಗಳನ್ನೂ ಗಮನವಿಟ್ಟು ನೋಡಿ, ಎರಡನೆಯ ಹೋಳಿಗೆಯನ್ನು ನಯವಾಗಿ ಬೇಡವೆಂದು, ಕೊನೆಗೆ ನನ್ನನ್ನು ಹತ್ತಿರ ಕರೆದು ಕೇಳಿದ್ದು ಇಷ್ಟು: “ಈ ನಲವತ್ತು ಜನರಲ್ಲಿ ಎಷ್ಟು ಜನ ತಮ್ಮ ಮಕ್ಕಳ ಜೊತೆ ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಮಗಾ?”

ಅದನ್ನು ನಾನು ಎಂದೂ ಯೋಚಿಸಿದವನಲ್ಲ. ಅಷ್ಟರಲ್ಲಿ ಒಳಗಿನಿಂದ ಓಡಿ ಬಂದ ನನ್ನ ಮಗಳು ಇನ್ನೊಂದು ಹೋಳಿಗೆ ಬೇಕೆಂದು ತನ್ನ ತಾಯಿಯನ್ನು ಕೇಳಿದಳು, ಕೇಳಿದ್ದು ತುರ್ಕಿಯಲ್ಲಿ. ಅಮ್ಜಾ ಅದನ್ನು ಕೇಳಿಸಿಕೊಂಡರೆಂದು ನನಗೆ ಗೊತ್ತಾಯಿತು, ಕೇಳಿಸದವರಂತೆ ಟೋಪಿ ಹುಡುಕತೊಡಗಿದ್ದೂ ಗೊತ್ತಾಯಿತು.

ಅಮ್ಜಾ ಚೆರ್ಕೆಸರು. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ಅದಿಗೆ ಎಂದು ಕರೆದುಕೊಳ್ಳುತ್ತಾರೆ. ಈ ದೇಶಕ್ಕೆ ಬಂದ ಮೊದಲ ಎರಡು ವರ್ಷ ನಾನು ಚೆರ್ಕೆಜ್‌ಕೊಯ್ ಎಂಬ ಊರಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸ ಮಾಡಿದ್ದೆ. ಊರ ಹೆಸರಿನ ಅರ್ಥವೇ ಚೆರ್ಕೆಸರ ಹಳ್ಳಿ ಎಂದು. ಆದರೆ ನಾನಿದ್ದಷ್ಟು ದಿನ ಅಲ್ಲಿ ಒಬ್ಬ ಚೆರ್ಕೆಸನೂ ಸಿಗಲಿಲ್ಲ, ಸಿಗಬೇಕಿತ್ತಲ್ಲ ಎಂಬ ಕುತೂಹಲವೂ ನನಗೆ ಹುಟ್ಟಲಿಲ್ಲ. ಹುಬ್ಬಳ್ಳಿಯ ಒಂದೊಂದು ಓಣಿಯ ಹೆಸರಿನ ಹಿಂದೆಯೂ ಒಂದು ಕಥೆ ಹುಡುಕುವ ನಾವು ಪರಊರಿನಲ್ಲಿ ಎಷ್ಟು ಬೇಗ ಜಡವಾಗುತ್ತೇವೆ!

ಕಪ್ಪು ಸಮುದ್ರದ ಈಶಾನ್ಯ ದಂಡೆಯ ಕಾಕಸಸ್ ಗುಡ್ಡಗಾಡಿನ ಈ ಜನ ದಶಕಗಟ್ಟಲೆ ರಷ್ಯದ ಸೈನ್ಯದೊಡನೆ ಕಾದು ಸೋತರು. 1864ರ ಮೇ 21ರಂದು, ಸೋಚಿಯ ಮೇಲ್ಭಾಗದಲ್ಲಿ ಈಗ ಕ್ರಾಸ್ನಾಯಾ ಪೋಲ್ಯಾನಾ ಎನ್ನುವ ಜಾಗದಲ್ಲಿ ಗೆದ್ದವರು ವಿಜಯದ ಕವಾಯತು ನಡೆಸಿದರು. 2014ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ಜಾರುವ ಪಂದ್ಯಗಳು ನಡೆದದ್ದೂ ಅಲ್ಲಿಯೇ. ಲಕ್ಷಗಟ್ಟಲೆ ಜನರನ್ನು ಹಡಗುಗಳಲ್ಲಿ ತುಂಬಿ ಉಸ್ಮಾನಿ (ಆಟೋಮನ್) ಸಾಮ್ರಾಜ್ಯದ ತ್ರಾಬ್‌ಝೋನ್, ಸಾಮ್‌ಸುನ್, ವಾರ್ನಾ ಬಂದರುಗಳಿಗೆ ಅಟ್ಟಲಾಯಿತು. ದಾರಿಯಲ್ಲಿ ರೋಗದಿಂದ, ಹಸಿವಿನಿಂದ ಸತ್ತವರನ್ನು ನೀರಿಗೆ ಬಿಟ್ಟರು. ಹಳೆಯ ತಲೆಮಾರಿನ ಎಷ್ಟೋ ಚೆರ್ಕೆಸರು ಆ ಸಮುದ್ರದ ಮೀನು ತಿನ್ನುತ್ತಿರಲಿಲ್ಲ ಎಂಬುದನ್ನು ನಾನು ಮೊದಲು ಕೇಳಿದ್ದು ಅಮ್ಜಾ ಅವರಿಂದ. ಇಸ್ತಾಂಬುಲ್‌ನಲ್ಲಿ ಇದ್ದು ಮೀನು ಮುಟ್ಟದ ಮನುಷ್ಯನನ್ನು ಕಂಡು, ಇವರೂ ನಮ್ಮಂತೆ ಶಾಕಾಹಾರಿಗಳೇನೋ ಎಂದು ನನ್ನ ಹೆಂಡತಿ ಒಮ್ಮೆ ಸಂತೋಷಪಟ್ಟಿದ್ದಳು.

ರಾಜ್ಯೋತ್ಸವದ ಮರುವಾರ ಚಹಾ ಕುಡಿಯಲು ಮೇಲೆ ಹೋದಾಗ, ಪ್ರಶ್ನೆಯ ಮುಳ್ಳು ನನ್ನಲ್ಲಿ ಇನ್ನೂ ಇದ್ದುದರಿಂದ, ನಾನೂ ಒಂದು ಪ್ರಶ್ನೆ ಎಸೆದೆ: “ನಿಮ್ಮ ಜನರಲ್ಲಿ ದೊಡ್ಡವರು ಯಾರು?” ಸಾಮ್ರಾಜ್ಯದ ಕಾಲದ ಪಾಶಾಗಳಿಂದ, ಅಂದರೆ ದೊಡ್ಡ ಅಧಿಕಾರಿಗಳಿಂದ, ಅವರು ಆರಂಭಿಸುತ್ತಾರೆಂದು ನನ್ನ ಊಹೆ. ಅವರು ಆರಂಭಿಸಿದ್ದು ಹಳ್ಳಿಯ ಮುಖ್ಯಸ್ಥರೊಬ್ಬರಿಂದ.

ಮನ್ಯಾಸ್ ಸರೋವರದ ಹತ್ತಿರದ ಹಾಜಿ ಉಸ್ಮಾನ್ ಎಂಬ ಹಳ್ಳಿಯ ತೆವ್ಫಿಕ್ ಎಸೆಂಚ್, ಚೆರ್ಕೆಸರಿಗೆ ತೀರ ಹತ್ತಿರದವರಾದ, ಅವರ ಜೊತೆಯಲ್ಲೇ ಎಣಿಸಲ್ಪಡುವ ಉಬಿಖ್ ಜನರವರು. ಅಜ್ಜ-ಅಜ್ಜಿಯ ಬಳಿ ಬೆಳೆದ ಕಾರಣ ಉಬಿಖ್ ಮಾತು ಅವರ ಬಾಯಲ್ಲಿ ಶುದ್ಧವಾಗಿ ಉಳಿದಿತ್ತು. ಎಂಬತ್ತಕ್ಕೂ ಹೆಚ್ಚು ವ್ಯಂಜನಗಳಿದ್ದು ಸ್ವರಗಳು ಮಾತ್ರ ಎರಡೋ ಮೂರೋ ಇದ್ದ ಆ ಭಾಷೆಯನ್ನು ದಾಖಲಿಸಲು ಫ್ರಾನ್ಸಿನ ವಿದ್ವಾಂಸ ಜಾರ್ಜ್ ದ್ಯುಮೆಝಿಲ್ ಅವರ ಜೊತೆ ವರ್ಷಗಟ್ಟಲೆ ಕುಳಿತರು. ಎಸೆಂಚ್ ಅವರ ಮೂವರು ಗಂಡುಮಕ್ಕಳೂ ತಂದೆಯೊಡನೆ ಆ ಮಾತಿನಲ್ಲಿ ಸಂಭಾಷಿಸಲಾರದವರಾಗಿದ್ದರು. 1992ರ ಅಕ್ಟೋಬರ್ 7ರಂದು ಅವರು ತೀರಿಕೊಂಡಾಗ ಭಾಷೆಯೂ ತೀರಿತು. “ನಮ್ಮ ದೊಡ್ಡವರ ಪಟ್ಟಿ ಇಲ್ಲಿಂದ ಹಿಂದಕ್ಕೆ ಓದಬೇಕು” ಎಂದರು ಅಮ್ಜಾ. ಹಾಗೆ ಓದಿದರೆ ಪಾಶಾಗಳು ಬೇರೆಯಾಗಿಯೇ ಕಾಣುತ್ತಾರೆ.

ಹಯ್ರೆದ್ದೀನ್ ಪಾಶಾ ಅವರನ್ನೇ ತೆಗೆದುಕೊಳ್ಳಿ. ಕಾಕಸಸ್‌ನಿಂದ ಎಳೆಯ ವಯಸ್ಸಿನಲ್ಲಿ ಗುಲಾಮನಾಗಿ ಇಸ್ತಾಂಬುಲ್‌ಗೆ ಬಂದ ಹುಡುಗ, ಅಲ್ಲಿಂದ ಟ್ಯುನಿಸ್ಸಿನ ಬೇ ಅರಸನ ಅರಮನೆಗೆ ಮಾರಾಟವಾಗಿ, ಅಲ್ಲಿಯೇ ಓದಿ, 1873ರಿಂದ 1877ರವರೆಗೆ ಅದೇ ಟ್ಯುನಿಸ್ಸಿನ ಪ್ರಧಾನಮಂತ್ರಿಯಾದ. 1875ರಲ್ಲಿ ಆರಂಭವಾದ ಸಾದಿಕಿ ಕಾಲೇಜು ಅವರ ಕಾಲದ್ದು. ಆಮೇಲೆ ಸುಲ್ತಾನ ಕರೆಸಿಕೊಂಡು 1878ರ ಕೊನೆಯಲ್ಲಿ ಇಡೀ ಸಾಮ್ರಾಜ್ಯದ ಪ್ರಧಾನ ವಜೀರ ಪದವಿ ಕೊಟ್ಟ. ಒಂದು ವರ್ಷವೂ ತುಂಬುವ ಮೊದಲೇ ಆ ಪದವಿ ಹೋಯಿತು. ಟ್ಯುನೀಶಿಯದ 20 ದಿನಾರಿನ ನೋಟಿನ ಮೇಲೆ ಒಂದು ಕಾಲಕ್ಕೆ ಅವರ ಚಿತ್ರವಿತ್ತು. ಇಷ್ಟೆಲ್ಲ ಆದ ಮನುಷ್ಯನನ್ನು ಇಸ್ತಾಂಬುಲ್ ಇಂದಿಗೂ ಕರೆಯುವುದು ‘ಟ್ಯುನಿಸ್ಸಿನ ಹಯ್ರೆದ್ದೀನ್’ ಎಂದು. ಮಾರಾಟವಾದ ಊರು ಹೆಸರಿಗೆ ಅಂಟಿತು, ಹುಟ್ಟಿದ ಊರು ಅಂಟಲಿಲ್ಲ.

ಅರಮನೆಯ ಹೆಂಗಸರದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕಥೆ. 1876ರಿಂದ 1909ರವರೆಗೆ ಆಳಿದ ಎರಡನೆಯ ಅಬ್ದುಲ್ ಹಮೀದನ ತಾಯಿ ಚೆರ್ಕೆಸರ ಶಾಪ್ಸುಗ್ ಪಂಗಡದವಳೆಂದು ಹೇಳುತ್ತಾರೆ. ಅವಳನ್ನು ಚರಿತ್ರೆ ಬಲ್ಲುದು ತಿರಿಮುಜ್‌ಗಾನ್ ಎಂಬ ಹೆಸರಿನಿಂದ. ರೆಪ್ಪೆಗೂದಲಿನ ಬಾಣ ಎಂಬ ಅರ್ಥದ ಆ ಫಾರಸಿ ಹೆಸರು ಅರಮನೆ ಇಟ್ಟದ್ದು. ಮಗನಿಗೆ ಹತ್ತು ವರ್ಷವಾಗಿದ್ದಾಗ, 1852ರಲ್ಲಿ, ಅವಳು ತೀರಿಕೊಂಡಳು. ನಮ್ಮಲ್ಲೂ ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದು ಹೆಣ್ಣುಮಗಳ ಹುಟ್ಟುಹೆಸರನ್ನು ಅಳಿಸುವ ಮನೆಗಳು ಇದ್ದವು ಎಂಬುದನ್ನು ನಾನು ಅಮ್ಜಾ ಅವರಿಗೆ ಹೇಳಲಿಲ್ಲ. ನನ್ನ ಅಜ್ಜಿಯ ತವರಿನ ಹೆಸರು ನನಗೆ ಗೊತ್ತಾದದ್ದು ಅವಳ ತಿಥಿಯ ದಿನ.

ಇನ್ನು ರೌಫ್ ಓರ್ಬಾಯ್. ಅವರ ಮನೆತನ ಚೆರ್ಕೆಸರ ನೆರೆಯ ಅಬ್ಖಾಝ್ ಜನರ ಮೂಲದ್ದು. ಆದರೆ ತುರ್ಕಿಯ ಮಾತಿನಲ್ಲಿ ಉತ್ತರ ಕಾಕಸಸ್‌ನಿಂದ ಬಂದವರೆಲ್ಲ ಒಟ್ಟಾಗಿ ಚೆರ್ಕೆಸರೇ. ನಮ್ಮೂರಲ್ಲಿ ಒಂದು ಕಾಲಕ್ಕೆ ವಿಂಧ್ಯದ ಆಚೆಯವರೆಲ್ಲ ಸೇಠಜಿಗಳಾಗಿದ್ದ ಹಾಗೆ. ಬಾಲ್ಕನ್ ಯುದ್ಧದಲ್ಲಿ ಹಮೀದಿಯೆ ಎಂಬ ಯುದ್ಧನೌಕೆಯನ್ನು ನಡೆಸಿ ಮನೆಮಾತಾದವರು, 1918ರ ಅಕ್ಟೋಬರ್ 30ರಂದು ಮುದ್ರೋಸ್‌ನಲ್ಲಿ ಸಾಮ್ರಾಜ್ಯದ ಪರವಾಗಿ ಕದನವಿರಾಮಕ್ಕೆ ಸಹಿ ಹಾಕಿದವರು, 1922-23ರಲ್ಲಿ, ಮುಸ್ತಫಾ ಕೆಮಾಲ್ ಮುಂದಾಳುತನದ ಅಂಕಾರಾ ಸರ್ಕಾರದ ಪ್ರಧಾನಿಯಾದವರು ಇವರೇ. ಆಮೇಲೆ ಆಳುವವರೊಡನೆ ಸರಿಬರದೆ ದೇಶದ ಹೊರಗಿದ್ದ ವರ್ಷಗಳಲ್ಲಿ, 1933ರಲ್ಲಿ, ದೆಹಲಿಯ ಜಾಮಿಯಾ ಮಿಲ್ಲಿಯಾ ವಿದ್ಯಾಸಂಸ್ಥೆಗೆ ಬಂದು ಉಪನ್ಯಾಸ ಕೊಟ್ಟು ಹೋದರು. ದೆಹಲಿಯಲ್ಲಿ ಕುಳಿತು ಕೇಳಿದ ನಮ್ಮವರಿಗೆ ಅವರು ತುರ್ಕರು. ಬೇರೇನಾದರೂ ಆಗಿರಬಹುದೆಂದು ಯಾರಿಗೆ ತಾನೇ ಹೊಳೆದೀತು?

ಹಾಗಾದರೆ ‘ಚೆರ್ಕೆಸ್’ ಎಂಬ ಶಬ್ದ ಯಾರ ಹೆಸರಿನ ಹಿಂದೆ ನಿಂತಿತು? ಅಮ್ಜಾ ಎರಡು ಬೆರಳು ಎತ್ತಿದರು. ಒಂದು, ಚೆರ್ಕೆಸ್ ಹಸನ್: ಪದಚ್ಯುತನಾದ ಸುಲ್ತಾನ ಅಬ್ದುಲ್ ಅಜೀಜನ ಪತ್ನಿಯೊಬ್ಬಳ ತಮ್ಮ, 1876ರ ಜೂನ್ ತಿಂಗಳ ಒಂದು ರಾತ್ರಿ ಮಿದ್ಹತ್ ಪಾಶಾನ ಮನೆಯಲ್ಲಿ ಮಂತ್ರಿಗಳು ಸಭೆ ಸೇರಿದ್ದಾಗ ನುಗ್ಗಿ, ಯುದ್ಧಮಂತ್ರಿಯನ್ನೂ ವಿದೇಶಾಂಗ ಮಂತ್ರಿಯನ್ನೂ ಕೊಂದು ನೇಣಿಗೆ ಹೋದ ಅಧಿಕಾರಿ. ಇನ್ನೊಂದು, ಚೆರ್ಕೆಸ್ ಎತೆಮ್. 1920ರಲ್ಲಿ ಅಂಕಾರಾಕ್ಕೆ ಇನ್ನೂ ಸರಿಯಾದ ಸೈನ್ಯವೇ ಇರದಿದ್ದಾಗ ತನ್ನ ಕುದುರೆ ಪಡೆಯಿಂದ ಒಂದರ ಹಿಂದೆ ಒಂದು ದಂಗೆಯನ್ನು ಅಡಗಿಸಿ ಆ ಸರ್ಕಾರವನ್ನು ಉಳಿಸಿದವನು ಈತ. ಹಾಗೆ ಅಡಗಿಸಿದ ದಂಗೆಗಳಲ್ಲಿ ಒಂದರ ನಾಯಕ ಅಂಝಾವೂರ್ ಕೂಡ ಚೆರ್ಕೆಸನೇ. ಪಡೆಯನ್ನು ಹೊಸ ಸೈನ್ಯದೊಳಗೆ ಸೇರಿಸುವ ಮಾತು ಬಂದಾಗ ಎತೆಮ್ ಒಪ್ಪಲಿಲ್ಲ. ಜಗಳ ಬೆಳೆದು 1921ರ ಜನವರಿಯಲ್ಲಿ ಗ್ರೀಕರ ಸಾಲಿನ ಕಡೆಗೆ ದಾಟಿಹೋದ. ದೇಶದಿಂದ ಹೊರಗಿಡಬೇಕಾದ 150 ಜನರ ಪಟ್ಟಿ 1924ರಲ್ಲಿ ಬಂದಾಗ ಅದರಲ್ಲಿ ಅವನ ಹೆಸರಿತ್ತು. 1938ರಲ್ಲಿ ಕ್ಷಮೆ ಸಿಕ್ಕರೂ ತಿರುಗಿ ಬಾರದೆ, 1948ರಲ್ಲಿ ಅಮ್ಮಾನ್ ನಗರದಲ್ಲಿ ಸತ್ತ. ಪಾಳುಬಿದ್ದಿದ್ದ ಆ ನಗರದಲ್ಲಿ 1878ರಲ್ಲಿ ಮತ್ತೆ ಒಲೆ ಹಚ್ಚಿದವರೂ ವಲಸೆ ಬಂದ ಚೆರ್ಕೆಸರೇ ಎಂಬುದು ಬೇರೆ ಮಾತು.

“ಶಾಲೆಯಲ್ಲಿ ಮೇಷ್ಟ್ರು ಎತೆಮ್‌ನ ಪಾಠ ಮಾಡುವ ದಿನ ನಾನು ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಿದ್ದೆ,” ಎಂದರು ಅಮ್ಜಾ. “ಹಡಗು ನಡೆಸಿದವನು ತುರ್ಕ, ವಜೀರನಾದವನು ಟ್ಯುನಿಸ್ಸಿನವನು, ದ್ರೋಹಿ ಮಾತ್ರ ಚೆರ್ಕೆಸ್.”

ಈ ಮಾತು ಕೇಳಿದಂದಿನಿಂದ ನನ್ನ ನಲವತ್ತು ಮುಖಗಳ ಚಿತ್ರಮಾಲೆಯ ಬಗ್ಗೆ ನನಗೆ ಒಳಗೊಳಗೇ ಅಸಹನೆ ಹುಟ್ಟಿದೆ. ಚೆರ್ಕೆಸ್ ಮೂಲದ ಗಣ್ಯರ ಪಟ್ಟಿಯನ್ನು ಅಮ್ಜಾ ಅಂಥವರು ಓದುವುದು ಬರಗಾಲದ ವರ್ಷದ ಖಾತೆಪುಸ್ತಕದಂತೆ: ಇಷ್ಟು ಜನ ಹೋದರು, ಇಂಥಿಂಥ ಮನೆಗೆ ಹೋದರು, ತಿರುಗಿ ಬರಲಿಲ್ಲ. ನಾವು ನಮ್ಮ ಪಟ್ಟಿಯನ್ನು ಓದುವುದು ಮದುವೆಯಲ್ಲಿ ಮುಯ್ಯಿ ಓದಿ ಹೇಳುವ ದನಿಯಲ್ಲಿ. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಎಂಬ ಹುಡುಗ ಕುಮಾರ ಗಂಧರ್ವನಾಗಿ, ಮಾಳವದ ದೇವಾಸ್‌ನಲ್ಲಿ ನೆಲೆಸಿ, ಆ ಸೀಮೆಯ ಹಾಡಿನ ಧಾಟಿಗಳನ್ನು ಹೊಕ್ಕು ಬೆಳಗಿದ್ದು ನಮ್ಮ ಹೆಮ್ಮೆಯೇ ಸರಿ. ಆದರೆ ಆ ಹುಡುಗ ನಮ್ಮ ಸೀಮೆಯಲ್ಲಿ ಏಕೆ ಉಳಿಯಲಿಲ್ಲ, ಉಳಿದಿದ್ದರೆ ಅವನಿಗೆ ಏನು ಸಿಗುತ್ತಿತ್ತು ಎಂಬ ಪ್ರಶ್ನೆಯನ್ನು ನಮ್ಮ ಯಾವ ನವೆಂಬರಿನ ಭಾಷಣದಲ್ಲಿಯೂ ನಾನು ಕೇಳಿಲ್ಲ. ಹೋದವರನ್ನು ಎಣಿಸುವುದು ಸುಲಭ, ಖರ್ಚಿಲ್ಲದ ಕೆಲಸ. ಒಬ್ಬನು ಗೆದ್ದ ಸುದ್ದಿ ಬಂದ ಕೂಡಲೇ ಅವನ ಅಡ್ಡಹೆಸರನ್ನು ಹಿಡಿದು ತಾಲ್ಲೂಕು, ತಾಲ್ಲೂಕಿನಿಂದ ಹೋಬಳಿ, ಹೋಬಳಿಯಿಂದ ಜಾತಿ ಎಂದು ಇಳಿಯುತ್ತ ಹೋಗುವ ನಮ್ಮ ಚುರುಕುತನ, ಅದೇ ಮನುಷ್ಯ ಊರಿನ ಶಾಲೆಯಲ್ಲಿದ್ದಾಗ ಎಲ್ಲಿ ಮಲಗಿತ್ತೋ.

ಇಲ್ಲಿ ಸಹ ಅಡ್ಡಹೆಸರಿನದೇ ದೊಡ್ಡ ಕಥೆ. 1934ರ ಕಾನೂನು ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದಿತು. ಆದರೆ ಬುಡಕಟ್ಟಿನ ಹೆಸರನ್ನಾಗಲಿ ಬೇರೆ ಜನಾಂಗದ ಹೆಸರನ್ನಾಗಲಿ ಇಡಕೂಡದೆಂದೂ ಹೇಳಿತು. ‘ನಾಗರಿಕನೇ, ತುರ್ಕಿಯಲ್ಲಿ ಮಾತಾಡು’ ಎಂಬ ಚಳವಳಿ ಅದಕ್ಕೂ ಮುಂಚೆ 1928ರಲ್ಲಿಯೇ ಆರಂಭವಾಗಿತ್ತು. ರೌಫ್ ಅವರಿಗೆ ಓರ್ಬಾಯ್ ಬಂದದ್ದೂ ಆ ಕಾನೂನಿನ ನಂತರವೇ. ಅಮ್ಜಾ ಅವರ ತಂದೆಗೆ ಅಧಿಕಾರಿಯೊಬ್ಬ ಮುಂದಿದ್ದ ಪಟ್ಟಿಯಿಂದ ಯಾವುದೋ ಹೆಸರನ್ನು ಆರಿಸಿ ಬರೆದುಕೊಟ್ಟನಂತೆ. ಎರಡು ಮನೆಯಾಚೆಯ ಚಿಕ್ಕಪ್ಪನಿಗೆ ಇನ್ನೊಂದು ಹೆಸರು. ಕಾಗದದ ಮೇಲೆ ಅಣ್ಣತಮ್ಮಂದಿರು ಸಂಬಂಧವಿಲ್ಲದವರಾದರು. ಆದರೂ ಯಾವ ಕಾಗದದಲ್ಲೂ ಇಲ್ಲದ ತಮ್ಮ ಮೂಲ ಮನೆತನದ ಹೆಸರನ್ನು ಅವರ ಮೊಮ್ಮಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಹೇಳಲೇಬೇಕು, ಏಕೆಂದರೆ ಆ ಹೆಸರಿನ ಒಳಗೆ ಮದುವೆ ಇಲ್ಲ, ಏಳು ತಲೆಮಾರಿನ ತನಕ ರಕ್ತಸಂಬಂಧ ನೋಡಬೇಕು ಎಂಬುದು ಖಾಬ್ಜೆ, ಅಂದರೆ ಅವರ ನಡಾವಳಿಯ ಕಟ್ಟು. ಮಾತು ಮರೆತವರು ಕೂಡ ಖಾಬ್ಜೆ ಮರೆತಿಲ್ಲ. ಹಿರಿಯರು ಬಂದರೆ ಮೊಮ್ಮಗ ಕೈಯಲ್ಲಿನ ಫೋನನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ, ಕೂರು ಎನ್ನುವತನಕ ಕೂರುವುದಿಲ್ಲ. ಚೆರ್ಕೆಸನೊಬ್ಬ ಇನ್ನೊಬ್ಬನನ್ನು ಕಂಡಾಗ ಕೇಳುವ ಮೊದಲ ಮಾತು ‘ನೀನು ಯಾರ ಪೈಕಿ?’ ಎಂದು.

ಈ ಮಾತು ಕಿವಿಗೆ ಬಿದ್ದಾಗ ನನಗೆ ಆದ ಸಂಕಟವನ್ನು ಮುಚ್ಚಿಡುವುದಿಲ್ಲ. ಇದೇ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಕೆಂದೇ ನಾನು ಊರು ಬಿಟ್ಟದ್ದು ಎಂದರೂ ಸುಳ್ಳಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಊರು ಕೇಳಿ, ಅಡ್ಡಹೆಸರು ಕೇಳಿ, ಅದರಲ್ಲೂ ತಿಳಿಯದಿದ್ದರೆ ಮನೆದೇವರನ್ನು ಕೇಳಿ, ತಮಗೆ ಬೇಕಾದ ಉತ್ತರ ಸಿಕ್ಕ ಮೇಲೆ ಕಿಟಕಿಯ ಕಡೆ ತಿರುಗುವ ಆ ಪರಿ ನನಗೆ ಎಂದೂ ಹಿಡಿಸಿದ್ದಲ್ಲ. ಚೆರ್ಕೆಸರ ಬಾಯಲ್ಲಿ ಅದೇ ಪ್ರಶ್ನೆ ಎಷ್ಟು ಸಭ್ಯವಾಗಿ ಕೇಳುತ್ತದೆ ಎಂದು ನಾನು ಹೊಗಳಿದಾಗ ಅಮ್ಜಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಇಷ್ಟವಿಲ್ಲದ ದನಿಯಲ್ಲಿ ಹೇಳಿದರು: 1864ರಲ್ಲಿ ಹಡಗು ಹತ್ತಿದವರಲ್ಲಿ ರಾಜಮನೆತನದವರಿದ್ದರು, ಕುಲೀನರಿದ್ದರು, ಸಾಮಾನ್ಯರಿದ್ದರು, ಜೊತೆಗೆ ಅವರ ಗುಲಾಮರೂ ಇದ್ದರು. ಇಸ್ತಾಂಬುಲ್‌ನ ಅರಮನೆಗೆ ಹೆಣ್ಣುಮಕ್ಕಳು ಬಂದದ್ದು ಆಕಾಶದಿಂದಲ್ಲ, ಕೆಲವರನ್ನು ಮಾರಿದವರು ಅವರ ಜನರೇ. ಗುಲಾಮರ ಸಂತತಿಯೆಂದು ಗೊತ್ತಿರುವ ಮನೆಗೆ ಹೆಣ್ಣು ಕೊಡಲು ಹಳ್ಳಿಗಳಲ್ಲಿ ಹಿಂದೆಮುಂದೆ ನೋಡುವ ಹಿರಿಯರು ಅವರ ಯೌವನದಲ್ಲಿಯೂ ಇದ್ದರು. ‘ಯಾರ ಪೈಕಿ’ ಎಂಬುದಕ್ಕೆ ಉತ್ತರ ಕೊಡಲು ಎಲ್ಲರಿಗೂ ಅಷ್ಟೇ ಉತ್ಸಾಹವಿರುತ್ತಿರಲಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆ ನನ್ನ ಊರಿಗೂ ಸ್ವಲ್ಪ ನ್ಯಾಯ ಸಲ್ಲಿಸಬೇಕು, ಸಲ್ಲಿಸಲು ಮನಸ್ಸು ಪೂರ್ತಿಯಾಗಿ ಇಲ್ಲದಿದ್ದರೂ. ನನ್ನ ಧಾರವಾಡದ ಸಾಧನಕೇರಿಯಲ್ಲಿದ್ದ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದ್ದು ತಮಿಳು. ಇಬ್ಬರಿಗೂ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ಮನೆಯ ಮಾತನ್ನು ಬಿಟ್ಟು ಬಾ, ಹೆಸರನ್ನು ಬದಲಿಸಿ ಬಾ ಎಂದು ಯಾವ ಕಾನೂನೂ ಅವರಿಗೆ ಹೇಳಲಿಲ್ಲ. ಬೇಂದ್ರೆಯವರನ್ನು ನಾವು ‘ಮರಾಠಿ ಬೇಂದ್ರೆ’ ಎನ್ನಲಿಲ್ಲ, ಅವರ ಮೂಲವನ್ನು ಮುಚ್ಚಿಡಲೂ ಇಲ್ಲ. ದೇವಾಸ್‌ಗೆ ಹೋದ ಕುಮಾರ ಗಂಧರ್ವರ ಮಗ ಕೂಡ ತಂದೆಯ ಹುಟ್ಟುಹೆಸರಾದ ಶಿವಪುತ್ರವನ್ನೇ ತಮ್ಮ ಹೆಸರಿನ ಹಿಂದೆ ಇಟ್ಟುಕೊಂಡು ಹಾಡುತ್ತ ಬಂದವರು. ಸಾಮ್ರಾಜ್ಯವೊಂದು ಗುಲಾಮ ಹುಡುಗನನ್ನು ವಜೀರನನ್ನಾಗಿ ಮಾಡಿತು, ಆ ಔದಾರ್ಯ ನಮ್ಮಲ್ಲಿ ಎಂದೂ ಇರಲಿಲ್ಲ. ಆದರೆ ಅದು ಕೇಳಿದ ಬೆಲೆಯನ್ನು ನಾವು ಬೇಂದ್ರೆಯವರಿಂದ ಕೇಳಲಿಲ್ಲ.

ಇಲ್ಲಿಯೂ ಈಗ ಗಾಳಿ ಬೇರೆಯಾಗಿದೆ. 2004ರಿಂದ ಸರ್ಕಾರಿ ದೂರದರ್ಶನದಲ್ಲಿ ಕೆಲವು ನಿಮಿಷಗಳ ಚೆರ್ಕೆಸ್ ಪ್ರಸಾರ ಆರಂಭವಾಯಿತು, 2012ರಿಂದ ಶಾಲೆಗಳಲ್ಲಿ ಅದಿಗೆ ಭಾಷೆಯನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು. ಅಮ್ಜಾ ಅವರ ಮೊಮ್ಮಗ ಚೆರ್ಕೆಸ್ ಮೂಲದ ಗಣ್ಯರದೊಂದು ಪಟ್ಟಿಯನ್ನು ಬಣ್ಣಬಣ್ಣದಲ್ಲಿ ಮಾಡಿ ಗೋಡೆಗೆ ಅಂಟಿಸಿದ್ದಾನೆ. ಅದರಲ್ಲಿ ಎತೆಮ್ ಇದ್ದಾನೆ, ಹಯ್ರೆದ್ದೀನ್ ಇದ್ದಾರೆ, ಒಬ್ಬಿಬ್ಬರು ನಟಿಯರೂ ಇದ್ದಾರೆ. ನನ್ನ ನಲವತ್ತು ಮುಖಗಳಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ. ಅಮ್ಜಾ ಅದನ್ನು ನೋಡಿ ತೆಗೆ ಎನ್ನಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ತೆವ್ಫಿಕ್ ಎಸೆಂಚ್ ಎಂದು ಬರೆದರು.

ಅದೇ ಸಂಜೆ ಅವರು ನನ್ನ ಕಡೆ ತಿರುಗಿ, “ನೀನು ಎಷ್ಟು ತಲೆಮಾರು ಹೇಳಬಲ್ಲೆ?” ಎಂದು ಕೇಳಿದರು. ಅಪ್ಪ, ಅಜ್ಜ, ಮುತ್ತಜ್ಜ, ಮೂರಕ್ಕೆ ನಿಂತೆ. ಮನೆಗೆ ಬಂದು ಊರಿಗೆ ಫೋನು ಹಚ್ಚಿದೆ. ಅವ್ವ ನಾಲ್ಕನೆಯ ಹೆಸರು ಹೇಳಿ, “ಅದರ ಮ್ಯಾಲಿಂದು ನನಗ ಗೊತ್ತಿಲ್ಲಪಾ, ಹೆಳವ ಬಂದಾಗ ಓದಿ ಹೇಳತಾನ,” ಎಂದಳು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ಅಂಗಳದಲ್ಲಿ ಕುಳಿತು ನಮ್ಮ ಮನೆತನದ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದ ಹೆಳವನ ಹಿಂದೆ ನಿಂತು ನಾನೂ ನನ್ನ ತಮ್ಮನೂ ಅವನ ಧಾಟಿಯನ್ನು ಅಣಕಿಸಿ ನಕ್ಕದ್ದು ನೆನಪಾಯಿತು. ಈ ವರ್ಷ ಬಂದಿದ್ದನೇ ಎಂದು ಕೇಳಿದೆ.

“ಎಲ್ಲಿ ಬಂದಾನ? ಎರಡು ವರ್ಷ ಆತು ಬಂದಿಲ್ಲ. ಅವನ ಮಗ ಬೆಂಗಳೂರಾಗ ಇದ್ದಾನಂತ. ಯಾಕ, ಈಗ ನಿನಗ ಅದು ಯಾಕ ಬೇಕಾತು?”